ಓದುಗರ ಪ್ರಶ್ನೆ, ತಜ್ಞರ ಉತ್ತರ: ಮುಖಕ್ಕೆ ಒಪ್ಪುವ ಈಜು ಕನ್ನಡಕ

ಪ್ರಶ್ನೆ: ಈಜು ಕಲಿತ ಮೇಲೆ ಹಲವು ಬಗೆಯ ಈಜು ಕನ್ನಡಕಗಳನ್ನು ಬಳಸಿ ನೋಡಿದ್ದೇನೆ. ಎಲ್ಲವೂ ಮೂಗಿನ ಪಕ್ಕದ ಮೂಲೆಯಲ್ಲಿ ನೀರು ಬಿಡುತ್ತವೆ. ಪಟ್ಟಿಯನ್ನು ಬಿಗಿ ಮಾಡಿದರೆ ಸೋರುವುದು ಇನ್ನೂ ಹೆಚ್ಚುತ್ತದೆ. ಕೊಳದಿಂದ ಹೊರಬಂದಾಗ ಕಣ್ಣಿನ ಸುತ್ತ ಕೆಂಪು ಉಂಗುರ ಮೂಡಿರುತ್ತದೆ, ಹುಬ್ಬಿನ ಮೇಲೆ ಹಣೆ ನೋಯುತ್ತದೆ. ಹೆಚ್ಚು ಬೆಲೆಯದನ್ನು ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಬೆಲೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೂಗಿನ ಪಕ್ಕದಲ್ಲೇ ಸೋರುವುದು, ಬಿಗಿ ಮಾಡಿದಷ್ಟೂ ಸೋರಿಕೆ ಹೆಚ್ಚುವುದು, ಈ ಎರಡು ಲಕ್ಷಣಗಳೂ ಬೆರಳು ಮಾಡುವುದು ಬಟ್ಟಲುಗಳನ್ನು ಮೂಗಿನ ಮೇಲೆ ಜೋಡಿಸುವ ಕೊಂಡಿಯ ಕಡೆಗೆ. ತಲೆಯ ಹಿಂದಿನ ಪಟ್ಟಿ ಎರಡೂ ಬಟ್ಟಲುಗಳ ಹೊರತುದಿಯನ್ನು ಕಿವಿಯ ಕಡೆಗೆ ಎಳೆಯುತ್ತಿರುತ್ತದೆ. ಕೊಂಡಿಯು ನಿಮ್ಮ ಮೂಗಿಗೆ ಬೇಕಾದುದಕ್ಕಿಂತ ಅಗಲವಾಗಿದ್ದರೆ, ಈ ಎಳೆತಕ್ಕೆ ಬಟ್ಟಲು ಹೊರಮೂಲೆಯ ಮೂಳೆಯನ್ನೇ ಆಧಾರವಾಗಿ ಹಿಡಿದು ಹಿಂದಕ್ಕೆ ವಾಲುತ್ತದೆ, ಒಳಮೂಲೆ ಚರ್ಮದಿಂದ ಕೂದಲೆಳೆಯಷ್ಟು ಮೇಲೇಳುತ್ತದೆ, ನೀರು ನುಗ್ಗಲು ಅಷ್ಟು ಜಾಗ ಸಾಕು. ಕೊಂಡಿ ಕಿರಿದಾಗಿದ್ದರೂ ತೊಂದರೆ ತಪ್ಪುವುದಿಲ್ಲ. ಆಗ ಅಂಚಿನ ಮೆತ್ತೆ ಮೂಗಿನ ಇಳಿಜಾರಿನ ಮೇಲೆ ಹತ್ತಿ ಕುಳಿತು, ತನ್ನ ಬುಡದಲ್ಲಿ ಸಂದು ಬಿಡುತ್ತದೆ. ನಿಮ್ಮದು ಇವೆರಡರಲ್ಲಿ ಯಾವುದೆಂದು ತಿಳಿಯಲು, ಈಜಿ ಬಂದೊಡನೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಗುರುತು ಹೊರಮೂಲೆಯಲ್ಲಿ ಆಳವಾಗಿ ಬಿದ್ದು ಒಳಮೂಲೆಯಲ್ಲಿ ಮಾಸಲಾಗಿದ್ದರೆ ಕೊಂಡಿ ಅಗಲವಾಗಿದೆ. ಮೂಗಿನ ಪಕ್ಕೆಗಳ ಮೇಲೆಯೇ ಗೆರೆ ಬಿದ್ದಿದ್ದರೆ ಕಿರಿದಾಗಿದೆ.

ನೀರನ್ನು ಹೊರಗಿಡುವುದು ಪಟ್ಟಿಯ ಬಿಗಿತವೆಂದು ಹೆಚ್ಚಿನವರು ತಿಳಿದಿದ್ದಾರೆ. ವಾಸ್ತವದಲ್ಲಿ ಮೆತ್ತೆಯು ಕಣ್ಣುಗುಳಿಯ ಸುತ್ತ ಎಲ್ಲ ಕಡೆ ಒಂದೇ ಸಮನೆ ಕುಳಿತಾಗ ಒಳಗಿನ ಗಾಳಿ ತುಸು ಹೊರಹೋಗಿ ಉಂಟಾಗುವ ಹಿಡಿತ ಮತ್ತು ಹೊರಗಿನ ನೀರಿನ ಒತ್ತಡ, ಇವೆರಡೇ ಆ ಕೆಲಸದ ಬಹುಪಾಲನ್ನು ಮಾಡುತ್ತವೆ. ಬಟ್ಟಲುಗಳು ಜಾಗ ಬಿಟ್ಟು ಕದಲದಂತೆ ನೋಡಿಕೊಂಡರೆ ಪಟ್ಟಿಯ ಹೊಣೆ ಮುಗಿಯಿತು. ಅತಿಯಾಗಿ ಎಳೆದರೆ ಮೆತ್ತೆಯ ಆಕಾರವೇ ಕೆಟ್ಟು, ಒಂದು ಕಡೆ ಚಪ್ಪಟೆಯಾಗಿ ಇನ್ನೊಂದು ಕಡೆ ಸುಕ್ಕಾಗುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಪಟ್ಟಿಯನ್ನು ತಲೆಗೆ ಹಾಕದೆಯೇ ಪರೀಕ್ಷೆ ಮಾಡಬೇಕು. ಮುಖವನ್ನು ಒರೆಸಿ, ತಲೆಯನ್ನು ನೇರವಾಗಿಟ್ಟುಕೊಂಡು, ಬಟ್ಟಲುಗಳನ್ನು ಕಣ್ಣುಗಳ ಮೇಲೆ ಮೆಲ್ಲನೆ ಒತ್ತಿ ಕೈ ಬಿಡಿ. ಎರಡು ಮೂರು ಸೆಕೆಂಡು ತಾನಾಗಿ ಅಂಟಿಕೊಂಡು ನಿಂತರೆ ಆ ಆಕಾರ ನಿಮ್ಮ ಮುಖಕ್ಕೆ ಒಪ್ಪುತ್ತದೆ. ನಿಲ್ಲದಿದ್ದರೆ ಯಾವ ಭಾಗ ಮೊದಲು ಬಿಟ್ಟುಕೊಂಡಿತೆಂದು ಗಮನಿಸಿ. ಒಳಮೂಲೆ ಬಿಟ್ಟರೆ ದೋಷ ಕೊಂಡಿಯದು. ಮೇಲಂಚು ಬಿಟ್ಟರೆ ಬಟ್ಟಲು ದೊಡ್ಡದಾಗಿ ಹುಬ್ಬಿನ ಕೂದಲ ಮೇಲೆ ಹೋಗಿದೆ. ಕೆಳಗೆ ಬಿಟ್ಟರೆ ನಿಮ್ಮ ಕೆನ್ನೆಯ ಮೂಳೆಯ ಇಳಿತಕ್ಕೂ ಅದರ ಬಾಗಿಗೂ ಹೊಂದಿಕೆಯಿಲ್ಲ. ಒಂದು ಕಣ್ಣಿನದು ನಿಂತು ಇನ್ನೊಂದರದು ಬೀಳುವುದೂ ಉಂಟು, ಏಕೆಂದರೆ ಮುಖದ ಎರಡು ಬದಿಗಳು ಯಾರಿಗೂ ಪೂರ್ತಿ ಒಂದೇ ತೆರನಾಗಿರುವುದಿಲ್ಲ. ಈ ಪರೀಕ್ಷೆಗೆ ಮುನ್ನ ಮುಖಕ್ಕೆ ಕ್ರೀಮ್, ಎಣ್ಣೆ, ಸನ್‌ಸ್ಕ್ರೀನ್ ಹಚ್ಚಿರಬಾರದು. ಜಿಡ್ಡಿನ ಚರ್ಮದ ಮೇಲೆ ಎಂಥ ಮೆತ್ತೆಯಾದರೂ ಜಾರುತ್ತದೆ, ಈಜುವಾಗಲೂ ಅದೇ ಪಾಡು.

ಕೊಂಡಿಯಲ್ಲಿ ಮೂರು ಬಗೆಗಳಿವೆ. ಬಟ್ಟಲುಗಳೊಡನೆ ಒಂದೇ ಅಚ್ಚಿನಲ್ಲಿ ಎರಕಗೊಂಡದ್ದು ಮೊದಲನೆಯದು. ಅದು ಒಪ್ಪಿದರೆ ಬಹಳ ಸುಖ, ಒಪ್ಪದಿದ್ದರೆ ಮಾಡುವುದು ಏನೂ ಇಲ್ಲ. ಎರಡನೆಯದರಲ್ಲಿ ಬೇರೆ ಬೇರೆ ಅಳತೆಯ ಕೆಲವು ಕೊಂಡಿಗಳನ್ನು ಪೊಟ್ಟಣದಲ್ಲೇ ಕೊಟ್ಟಿರುತ್ತಾರೆ. ನಿಮ್ಮಂತೆ ಒಳಮೂಲೆಯ ಸೋರಿಕೆಯಿಂದ ಬಳಲುವವರು ಇದನ್ನೇ ಕೊಳ್ಳಬೇಕೆಂದು ನನ್ನ ಸ್ಪಷ್ಟ ಅಭಿಪ್ರಾಯ. ಮೂರನೆಯದು 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡು ಇಂದಿಗೂ ಸ್ಪರ್ಧಾಳುಗಳ ಮೆಚ್ಚುಗೆ ಉಳಿಸಿಕೊಂಡಿರುವ ‘ಸ್ವೀಡಿಷ್’ ಮಾದರಿ. ಅದಕ್ಕೆ ಮೆತ್ತೆಯೇ ಇಲ್ಲ, ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ನೇರವಾಗಿ ಕಣ್ಣುಗುಳಿಯೊಳಗೆ ಕೂರುತ್ತದೆ, ಮೂಗಿನ ಮೇಲಿನ ದಾರವನ್ನು ಕೊಂಡವರೇ ತಮ್ಮ ಅಳತೆಗೆ ಕಟ್ಟಿಕೊಳ್ಳಬೇಕು. ಕೊಂಡಿಯ ಅಳತೆಯನ್ನು ಮಿಲಿಮೀಟರಿನ ಲೆಕ್ಕದಲ್ಲಿ ಹೊಂದಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವಾದರೂ, ಮೊದಲ ಜೋಡಿಯಾಗಿ ಇದನ್ನು ಯಾರಿಗೂ ಸೂಚಿಸಲಾರೆ.

ಇನ್ನು ನೋವಿನ ವಿಚಾರ. ಈಜಿದ ಮೇಲೆ ಸ್ವಲ್ಪ ಹೊತ್ತು ಉಂಗುರದ ಗುರುತು ಉಳಿಯುವುದು ಸಹಜ. ಹಣೆ ನೋಯುವುದನ್ನು ಮಾತ್ರ ಸಹಜವೆಂದು ಬಿಡಬೇಡಿ. ಹುಬ್ಬಿನ ಮೂಳೆಯ ಒಳಭಾಗದಲ್ಲಿರುವ ಸಣ್ಣ ಕಚ್ಚಿನಿಂದ ಒಂದು ನರ ಹೊರಬಂದು ಹಣೆಗೆ ಹರಡುತ್ತದೆ. ಬಿಗಿಯಾದ ಅಂಚು ಅದನ್ನು ದಿನವೂ ಒತ್ತುತ್ತಿದ್ದರೆ ಹಣೆಯ ನೋವು ಬರುತ್ತದೆ, ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಪಟ್ಟಿ ಸಡಿಲಿಸಿ, ಅಗಲವಾದ ಮೃದು ಸಿಲಿಕೋನ್ ಅಂಚಿನದನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ಶಮನವಾಗುತ್ತದೆ. ಪಟ್ಟಿ ತಲೆಯ ಹಿಂದೆ ಎರಡಾಗಿ ಸೀಳಿದ್ದರೆ ಆ ಎರಡು ಎಳೆಗಳನ್ನು ಒಂದರಿಂದ ಒಂದು ದೂರ ಹರಡಿ ಹಾಕಿ, ಅವುಗಳ ನಡುಭಾಗ ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಇರಲಿ. ಪಟ್ಟಿ ಕುತ್ತಿಗೆಯ ಕಡೆ ಇಳಿದರೂ ನೆತ್ತಿಯ ಕಡೆ ಏರಿದರೂ ಬಟ್ಟಲಿನ ಒಂದು ಅಂಚಿನ ಮೇಲೆಯೇ ಭಾರ ಬೀಳುತ್ತದೆ.

ಪ್ರಶ್ನೆ: ನಮ್ಮ ತರಬೇತುದಾರರು ಹಳೆಯ ಕಾಲದ ಈಜುಗಾರರು. ತಮ್ಮ ದಿನಗಳಲ್ಲಿ ಕನ್ನಡಕವಿಲ್ಲದೆಯೇ ಎಲ್ಲರೂ ಈಜುತ್ತಿದ್ದರು, ಇದೊಂದು ಅನಗತ್ಯ ಶೋಕಿ ಎನ್ನುತ್ತಾರೆ. ನಿಜವೇ?

ಉತ್ತರ: ಅವರ ಮಾತಿನ ಮೊದಲರ್ಧ ನಿಜ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮಾರ್ಕ್ ಸ್ಪಿಟ್ಜ್ 7 ಚಿನ್ನದ ಪದಕ ಗೆದ್ದದ್ದು ಬರಿಗಣ್ಣಿನಲ್ಲಿ. ಉಳಿದರ್ಧವನ್ನು ಒಪ್ಪಲಾರೆ. ಕಣ್ಣಿನ ಒಟ್ಟು ಬೆಳಕು ಬಾಗಿಸುವ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ್ದು, ಮತ್ತು ಅದು ಕೆಲಸ ಮಾಡುವುದು ತನ್ನ ಮುಂದೆ ಗಾಳಿ ಇದ್ದಾಗ. ನೀರಿನ ವಕ್ರೀಭವನ ಸೂಚ್ಯಂಕ 1.33, ಕಾರ್ನಿಯಾದ್ದು ಸುಮಾರು 1.38, ಎರಡೂ ಇಷ್ಟು ಹತ್ತಿರವಿರುವುದರಿಂದ ನೀರು ಕಣ್ಣಿಗೆ ತಾಗಿದೊಡನೆ ಆ ಶಕ್ತಿ ಬಹುಪಾಲು ಇಲ್ಲವಾಗಿ ಎಲ್ಲವೂ ಕಲಸಿದಂತೆ ಕಾಣುತ್ತದೆ. ಕನ್ನಡಕ ಕಣ್ಣಿನ ಮುಂದೆ ಮತ್ತೆ ಗಾಳಿಯ ಪದರವನ್ನು ನಿಲ್ಲಿಸುತ್ತದೆ. ಕೊಳದ ಕ್ಲೋರಿನ್ ಬೆವರು, ಮೂತ್ರದೊಡನೆ ಕೂಡಿ ಉಂಟಾಗುವ ಕ್ಲೋರಮೈನ್‌ಗಳು ಕಣ್ಣನ್ನು ಉರಿಸುವುದು ಇದಕ್ಕೆ ಹೊರತಾದ ಕಾರಣ. ಇದು ಹೊಸ ಶೋಕಿಯೂ ಅಲ್ಲ: 1926ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಮಹಿಳೆ ಗರ್ಟ್ರೂಡ್ ಎಡರ್ಲಿ, ತಮ್ಮ ಕನ್ನಡಕದ ಅಂಚಿಗೆ ಮೇಣ ಮೆತ್ತಿ ನೀರು ಬಾರದಂತೆ ಮಾಡಿಕೊಂಡಿದ್ದರು.

ಪ್ರಶ್ನೆ: ನನ್ನ ಎರಡೂ ಕಣ್ಣುಗಳಿಗೆ ಮೈನಸ್ 3.00 ಪವರ್ ಇದೆ, ಜೊತೆಗೆ ಮೈನಸ್ 1.00 ಸಿಲಿಂಡರ್ (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷಕ್ಕೆ ಕೊಡುವ ಪವರ್). ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಅದರ ಮೇಲೆ ಈಜು ಕನ್ನಡಕ ಹಾಕಬಹುದೇ?

ಉತ್ತರ: ಬೇಡ. ಎಷ್ಟೇ ಚೆನ್ನಾಗಿ ಕುಳಿತ ಕನ್ನಡಕವೂ ಒಮ್ಮೊಮ್ಮೆ ಹನಿ ನೀರು ಬಿಡುತ್ತದೆ, ಮತ್ತು ನೀರಿನಲ್ಲಿರುವ ಅಕಾಂತಅಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿಯಲ್ಲಿ ಸಿಕ್ಕಿಕೊಂಡರೆ ಕಾರ್ನಿಯಾಗೆ ತಗಲುವ ಸೋಂಕು ಅಪರೂಪವಾದರೂ ಬಹಳ ಕ್ರೂರವಾದದ್ದು, ದೃಷ್ಟಿಯನ್ನೇ ಕಳೆಯಬಲ್ಲದ್ದು.

ಪವರ್ ಇರುವ ಈಜು ಕನ್ನಡಕಗಳು ಸಿದ್ಧವಾಗಿ ದೊರೆಯುತ್ತವೆ, ಸಾಮಾನ್ಯವಾಗಿ ಅರ್ಧ ಅಂಕೆಯ ಹೆಜ್ಜೆಗಳಲ್ಲಿ. ಅವುಗಳಲ್ಲಿ ಸಿಲಿಂಡರ್ ಇರುವುದಿಲ್ಲವಾದ್ದರಿಂದ, ಸಿಲಿಂಡರಿನ ಅರ್ಧವನ್ನು ಮುಖ್ಯ ಪವರಿಗೆ ಕೂಡಿಸಿ ಲೆಕ್ಕ ಹಾಕುತ್ತಾರೆ. ನಿಮ್ಮ ಲೆಕ್ಕ ಮೈನಸ್ 3.50 ಆಗುತ್ತದೆ. ಬಂದ ಅಂಕೆ ಎರಡು ಹೆಜ್ಜೆಗಳ ನಡುವೆ ಬಿದ್ದರೆ ಕಡಿಮೆ ಪವರಿನದನ್ನೇ ತೆಗೆದುಕೊಳ್ಳಿ. ನೀರಿನಲ್ಲಿ ವಸ್ತುಗಳು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುವುದರಿಂದ ಆ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಎರಡು ಕಣ್ಣುಗಳ ಪವರ್ ಬೇರೆಯಾಗಿರುವವರು ಬಟ್ಟಲುಗಳನ್ನು ಬಿಡಿಬಿಡಿಯಾಗಿ ಮಾರುವ ಬಗೆಯನ್ನು ಹುಡುಕಬೇಕು. ಸಿಲಿಂಡರ್ 2ಕ್ಕಿಂತ ಹೆಚ್ಚಿದ್ದರೆ ಈ ಕೂಡಿಸುವ ಉಪಾಯದಿಂದ ತೃಪ್ತಿ ಸಿಗದು, ಅಳತೆ ಕೊಟ್ಟು ಮಾಡಿಸುವುದೇ ಲೇಸು. ಪವರ್ ಸಿಕ್ಕಿತೆಂಬ ಸಂತೋಷದಲ್ಲಿ ಅಂಟಿ ನಿಲ್ಲುವ ಪರೀಕ್ಷೆಯನ್ನು ಮರೆಯುವವರು ಬಹಳ ಜನ. ಸೋರುವ ಬಟ್ಟಲಿನೊಳಗೆ ಸರಿಯಾದ ಪವರ್ ಇದ್ದೂ ಉಪಯೋಗವಿಲ್ಲ.

ಪ್ರಶ್ನೆ: ಹೊಸದಾಗಿ ಕೊಂಡ ಕನ್ನಡಕ ಕೆಲವೇ ವಾರಗಳಲ್ಲಿ ಒಳಗೆ ಮಂಜು ಹಿಡಿಯತೊಡಗಿದೆ. ಪ್ರತಿ ಸಲವೂ ಬೆರಳಿನಿಂದ ಚೆನ್ನಾಗಿ ಉಜ್ಜಿ ಒರೆಸುತ್ತೇನೆ, ಆದರೂ ನಿಲ್ಲುವುದಿಲ್ಲ.

ಉತ್ತರ: ಉಜ್ಜುವುದೇ ಕಾರಣ. ಲೆನ್ಸಿನ ಒಳಬದಿಗೆ ನೀರನ್ನು ಹನಿಯಾಗಲು ಬಿಡದೆ ತೆಳ್ಳನೆಯ ಪೊರೆಯಾಗಿ ಹರಡುವ ಲೇಪವಿರುತ್ತದೆ; ಬೆರಳು, ಬಟ್ಟೆ ತಾಗಿದಂತೆಲ್ಲ ಅದು ಸವೆಯುತ್ತದೆ. ಕಣ್ಣಿನ ಸುತ್ತಲಿನ ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಲೆನ್ಸಿಗೆ ತಾಗಿ ಹನಿಗಟ್ಟುವುದನ್ನು ತಡೆಯಲಾಗದು, ಆ ಹನಿಗಳು ಹರಡಿಕೊಳ್ಳುವಂತೆ ಮಾಡಬಹುದಷ್ಟೆ. ಲೇಪ ಹೋದ ಮೇಲೆ, ಮಕ್ಕಳ ಶಾಂಪೂ ಒಂದು ಹನಿಯನ್ನು ನೀರಿನಲ್ಲಿ ತೆಳುಮಾಡಿ ಒಳಗೆ ಸವರಿ, ಕಣ್ಣು ಉರಿಯದಂತೆ ತೊಳೆದು ಹಾಕಿಕೊಳ್ಳಬಹುದು. ಅಂಗಡಿಯಲ್ಲಿ ಸಿಗುವ ಸಿಂಪಡಿಕೆಯೂ ಇದೇ ಕೆಲಸ ಮಾಡುತ್ತದೆ. ಈಜಿದ ಮೇಲೆ ಶುದ್ಧ ನೀರಿನಲ್ಲಿ ಅದ್ದಿ ತೆಗೆದು, ನೆರಳಿನಲ್ಲಿ ಒಣಗಿಸಿ, ಗಟ್ಟಿ ಡಬ್ಬಿಯಲ್ಲಿಡಿ. ಬಿಸಿಲು ಮತ್ತು ಕ್ಲೋರಿನ್ ಸೇರಿ ಪಟ್ಟಿಯ ಹಿಗ್ಗಿ ಕುಗ್ಗುವ ಗುಣವನ್ನೂ ಮೆತ್ತೆಯ ಮೃದುತನವನ್ನೂ ಕಳೆಯುತ್ತವೆ, ಆಮೇಲೆ ಮೊದಲು ಒಪ್ಪಿದ್ದ ಕನ್ನಡಕವೂ ಸೋರಲು ಆರಂಭಿಸುತ್ತದೆ.

ಪ್ರಶ್ನೆ: ಏಳು ವರ್ಷದ ನನ್ನ ಮಗಳು ಕನ್ನಡಕ ಹಾಕಿಕೊಳ್ಳಲು ಒಪ್ಪದೆ ಹಠ ಮಾಡುತ್ತಾಳೆ. ಬೆಳೆದ ಮೇಲೂ ಬರಲಿ ಎಂದು ದೊಡ್ಡವರ ಅಳತೆಯದನ್ನೇ ಕೊಂಡು ಪಟ್ಟಿ ಬಿಗಿ ಮಾಡಿದ್ದೇನೆ.

ಉತ್ತರ: ಅಮ್ಮಾ, ಆ ಹಠಕ್ಕೆ ಬಹುಶಃ ಕಾರಣ ಆ ದೊಡ್ಡ ಅಳತೆಯೇ. ಅಂಗಿಯನ್ನು ಒಂದು ಅಳತೆ ದೊಡ್ಡದು ತರುವ ಉಳಿತಾಯ ಇಲ್ಲಿ ನಡೆಯದು. ಮಕ್ಕಳ ಕಣ್ಣುಗುಳಿಗಳ ನಡುವಿನ ಅಂತರ ಕಡಿಮೆ, ಮೂಗಿನ ಎತ್ತರವೂ ಕಡಿಮೆ. ದೊಡ್ಡವರ ಬಟ್ಟಲು ಕೆನ್ನೆಯ ಮೇಲೆ ಕುಳಿತು ಒಳಗಡೆಯಿಂದ ನೀರು ಬಿಡುತ್ತದೆ, ಎಷ್ಟು ಬಿಗಿದರೂ ನಿಲ್ಲದು. ಮಕ್ಕಳಿಗಾಗಿಯೇ ಮಾಡಿದ, ಮೃದು ಅಂಚಿನ ಜೋಡಿಯನ್ನು ಅವಳ ಮುಖಕ್ಕೆ ಒತ್ತಿ ನೋಡಿಯೇ ಆರಿಸಿ. ಹಾಕುವ ಕ್ರಮವನ್ನೂ ಕಲಿಸಬೇಕು. ಮೊದಲು ಬಟ್ಟಲುಗಳನ್ನು ಕಣ್ಣಿಗೆ ಇಟ್ಟು ಒಂದು ಕೈಯಲ್ಲಿ ಹಿಡಿದು, ಆಮೇಲೆ ಪಟ್ಟಿಯನ್ನು ತಲೆಯ ಹಿಂದಕ್ಕೆ ತರುವುದು. ತೆಗೆಯುವಾಗ ಹಿಂದಿನಿಂದ ಪಟ್ಟಿಯನ್ನು ಎತ್ತಿ ಮುಂದಕ್ಕೆ ತರುವುದು. ನೀರು ಚೆಲ್ಲಲೆಂದು ಬಟ್ಟಲನ್ನು ಮುಖದಿಂದ ಮುಂದಕ್ಕೆಳೆದು ಕೈಜಾರಿ ಬಿಟ್ಟರೆ ಅದರ ಗಟ್ಟಿ ಅಂಚು ನೇರವಾಗಿ ಕಣ್ಣಿಗೆ ಬಡಿಯುತ್ತದೆ, ಇದರಿಂದ ಕಣ್ಣಿಗೆ ತೀವ್ರವಾದ ಗಾಯಗಳಾಗಿವೆ. ಮಕ್ಕಳು ಒಬ್ಬರಿನ್ನೊಬ್ಬರ ಕನ್ನಡಕವನ್ನು ಎಳೆದು ಬಿಡುವ ಆಟವನ್ನು ಕಂಡಲ್ಲೇ ನಿಲ್ಲಿಸಿ.

ಪ್ರಶ್ನೆ: ನನಗೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ಕಣ್ಣಿನ ನರಕ್ಕೆ ಹಾನಿಯಾಗುವ ಕಾಯಿಲೆ) ಇದೆ, ವ್ಯಾಯಾಮಕ್ಕೆಂದು ಈಜುತ್ತೇನೆ. ಕನ್ನಡಕದಿಂದ ಕಣ್ಣಿನ ಒತ್ತಡ ಏರುತ್ತದೆಯೆಂದು ಕೇಳಿದೆ.

ಉತ್ತರ: ನಿಜ. ಕಣ್ಣುಗುಳಿಯೊಳಗೆ ಕೂರುವ ಚಿಕ್ಕ ಬಟ್ಟಲುಗಳು ಹಾಕಿಕೊಂಡಿರುವಷ್ಟು ಹೊತ್ತು ಕಣ್ಣಿನೊಳಗಿನ ಒತ್ತಡವನ್ನು ಏರಿಸಬಲ್ಲವೆಂದು ಅಳತೆ ಮಾಡಿ ಕಂಡುಕೊಂಡಿದ್ದಾರೆ. ಆರೋಗ್ಯವಂತ ಕಣ್ಣಿಗೆ ಇದರಿಂದ ಬಾಧೆ ಕಾಣದಿದ್ದರೂ ನಿಮ್ಮ ವಿಷಯದಲ್ಲಿ, ಅದರಲ್ಲೂ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನೀವು ಬಳಸುವ ಕನ್ನಡಕವನ್ನೇ ಅವರಿಗೆ ತೋರಿಸಿ. ಕಣ್ಣಿನಿಂದ ದೂರ, ಹುಬ್ಬು ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವ ಅಗಲ ಅಂಚಿನ ಬಗೆ ನಿಮ್ಮಂಥವರಿಗೆ ಹೆಚ್ಚು ಸೂಕ್ತ.

ಪ್ರಶ್ನೆ: ಇದೇ ಕನ್ನಡಕ ಹಾಕಿಕೊಂಡು ಆಳದ ತಳದವರೆಗೆ ಮುಳುಗಬಹುದೇ?

ಉತ್ತರ: ಕೂಡದು. ಆಳಕ್ಕೆ ಹೋದಂತೆ ಒತ್ತಡ ಏರುತ್ತದೆ, 10 ಮೀಟರ್ ಆಳದಲ್ಲಿ ಅದು ಮೇಲ್ಮೈಯ ಎರಡರಷ್ಟು. ಬಟ್ಟಲಿನೊಳಗಿನ ಗಾಳಿಗೆ ಆ ಒತ್ತಡ ಸರಿದೂಗಿಸಿಕೊಳ್ಳುವ ದಾರಿಯಿಲ್ಲದೆ ಅದು ಕಣ್ಣನ್ನು ಹೀರತೊಡಗುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ರಕ್ತ ಒಸರುವುದು ಹೀಗೆಯೇ. ಮುಳುಗುವವರು ಮೂಗನ್ನೂ ಒಳಗೊಳ್ಳುವ ಮುಖವಾಡ ಹಾಕುತ್ತಾರೆ, ಮೂಗಿನಿಂದ ಸ್ವಲ್ಪ ಗಾಳಿ ಊದಿ ಒತ್ತಡವನ್ನು ಸರಿಮಾಡಿಕೊಳ್ಳಲು. ಈಜು ಕನ್ನಡಕ ನೀರಿನ ಮೇಲ್ಮೈಯಲ್ಲಿ ಈಜುವವರಿಗೆ ಮಾಡಿದ್ದು.