ಹಲ್ಲುನೋವಿಗೆ ಲವಂಗ ನಿಜವಾಗಿಯೂ ಔಷಧವೇ?

ನೋವನ್ನು ತಣಿಸುವ ಮಟ್ಟಿಗೆ ಹೌದು, ಹುಳುಕನ್ನು ವಾಸಿಮಾಡುವ ಮಟ್ಟಿಗೆ ಅಲ್ಲ. ಲವಂಗವೆಂದರೆ ಇಂಡೋನೇಷ್ಯಾದ ಮಲುಕು ದ್ವೀಪಗಳ ಮೂಲದ ಮರವೊಂದರ ಅರಳದ ಮೊಗ್ಗನ್ನು ಒಣಗಿಸಿದ್ದು. ಅದರ ಎಣ್ಣೆಯಲ್ಲಿ ಬಹುಪಾಲು ಇರುವ ಯೂಜಿನಾಲ್ ಎಂಬ ಅಂಶವು ನರಗಳನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ಮತ್ತು ಬಾಯಿಯ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ದಂತವೈದ್ಯರು ಇದೇ ಯೂಜಿನಾಲನ್ನು ಸತುವಿನ ಆಕ್ಸೈಡಿನೊಂದಿಗೆ ಕಲಸಿ ಹಲ್ಲಿನ ತಾತ್ಕಾಲಿಕ ಭರ್ತಿಗೆ ಬಳಸುತ್ತಾರೆ.

ತುಮಕೂರಿನ ಕಡೆ ರಾತ್ರಿ ಹಲ್ಲುನೋವು ಬಂದರೆ ಕೋಳಿಸಾರಿನ ಮಸಾಲೆಗೆಂದು ತಂದಿಟ್ಟ ಡಬ್ಬಿಯಿಂದಲೇ ಒಂದು ಲವಂಗ ತೆಗೆದು ನೋಯುವ ಹಲ್ಲಿನಡಿ ಕಚ್ಚಿಕೊಳ್ಳುವುದು ವಾಡಿಕೆ, ಮತ್ತು ಬೆಳಗಾಗುವವರೆಗೆ ಅದು ತಕ್ಕ ಉಪಾಯವೇ. ಎಣ್ಣೆಯಾದರೆ ಒಂದೆರಡು ಹನಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹತ್ತಿಯಿಂದ ಮುಟ್ಟಿಸಬೇಕು. ನೇರವಾಗಿ ಹಚ್ಚಿದರೆ ಒಸಡು ಸುಟ್ಟಂತಾಗುತ್ತದೆ. ಮಕ್ಕಳ ಕೈಗಂತೂ ಸೀಸೆ ಸಿಗಬಾರದು, ಏಕೆಂದರೆ ಎಣ್ಣೆಯನ್ನು ನುಂಗಿದರೆ ಯಕೃತ್ತಿಗೆ ತೀವ್ರ ಹಾನಿಯಾಗಬಲ್ಲದು. ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಔಷಧದ ಪ್ರಮಾಣದಲ್ಲಿ ಸೇವಿಸಬಾರದು. ಅಡುಗೆಯ ಎರಡು ಮೂರು ಮೊಗ್ಗುಗಳಿಗೆ ಈ ಭಯ ಬೇಡ.

ಕೆಮ್ಮಿಗೆ ಲವಂಗ ಚಪ್ಪರಿಸುವುದರಿಂದ ಗಂಟಲಿಗೆ ಹಿತವೆನಿಸುತ್ತದೆ, ಅಷ್ಟೇ.

ಮಂಡಿಪೇಟೆಯಲ್ಲಿ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ: ಎಣ್ಣೆಯ ಪಸೆ ಕಾಣಬೇಕು. ನೀರಿಗೆ ಹಾಕಿದಾಗ ಅಡ್ಡಡ್ಡ ತೇಲುವುದು ಎಣ್ಣೆ ತೆಗೆದ ಸರಕಾಗಿರಬಹುದು. ಒಳ್ಳೆಯದು ಮುಳುಗುತ್ತದೆ, ಇಲ್ಲವೇ ತಲೆ ಮೇಲಾಗಿ ನೆಟ್ಟಗೆ ನಿಲ್ಲುತ್ತದೆ. ಕೆನ್ನೆ ಊದಿದ್ದರೆ, ಜ್ವರವಿದ್ದರೆ, ಲವಂಗ ಬಿಟ್ಟು ಅಂದೇ ದಂತವೈದ್ಯರಲ್ಲಿಗೆ ಹೋಗಿ.