ಹಬ್ಬದ ನಂತರವೂ ಆರಾಧನೆ ಉಳಿಯಲು

ಪ್ರಶ್ನೆ: ರಮಝಾನ್‌ನಲ್ಲಿ ತರಾವೀಹ್ (ರಮಝಾನ್ ರಾತ್ರಿಗಳ ವಿಶೇಷ ನಮಾಝ್), ತಹಜ್ಜುದ್ (ರಾತ್ರಿ ನಿದ್ದೆಯಿಂದ ಎದ್ದು ಮಾಡುವ ನಮಾಝ್), ದಿನಕ್ಕೊಂದು ಜುಝ್ (ಮೂವತ್ತರಲ್ಲೊಂದು ಭಾಗ) ಕುರ್‌ಆನ್ ಪಾರಾಯಣ ಎಲ್ಲವೂ ನಡೆಯುತ್ತದೆ. ಹಬ್ಬ ಕಳೆದು ವಾರವಾಗುವಷ್ಟರಲ್ಲಿ ಮುಂಜಾವಿನ ಫಜ್ರ್ ನಮಾಝೇ ತಪ್ಪತೊಡಗುತ್ತದೆ. ಏನು ಮಾಡಲಿ?

ಉತ್ತರ: ರಮಝಾನ್‌ನ ಅಷ್ಟೂ ಆರಾಧನೆಯನ್ನು ಹಾಗೆಯೇ ಮುಂದುವರಿಸಲು ಹೊರಟವರು ಎಷ್ಟೋ ಸಲ ಎಲ್ಲವನ್ನೂ ಕೈಬಿಡುತ್ತಾರೆ. ಕಡಿಮೆಯಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಹದೀಸ್‌ನಲ್ಲಿ (ಪ್ರವಾದಿ ವಚನದಲ್ಲಿ) ಇದೆ. ಮೊದಲು ಐದು ಹೊತ್ತಿನ ನಮಾಝ್ ಗಟ್ಟಿಮಾಡಿಕೊಳ್ಳಿ. ಸಹ್ರಿಗೆ (ಉಪವಾಸಕ್ಕೆ ಮುನ್ನ ನಸುಕಿನ ಊಟಕ್ಕೆ) ಏಳುವ ರೂಢಿ ಇನ್ನೂ ಮೈಯಲ್ಲಿರುವಾಗಲೇ, ರಾತ್ರಿಯ ಇಶಾ ನಮಾಝ್ ಆದ ಮೇಲೆ ಬೇಗ ಮಲಗಿ. ತಡರಾತ್ರಿಯ ಹರಟೆ, ಮೊಬೈಲೇ ಫಜ್ರ್ ಅನ್ನು ತಪ್ಪಿಸುವುದು. ತಹಜ್ಜುದ್‌ಗೆ ಏಳುವ ಭರವಸೆಯಿಲ್ಲದಿದ್ದರೆ ವಿತ್ರ್ (ರಾತ್ರಿಯ ಕೊನೆಯ ನಮಾಝ್) ಅನ್ನು ಮಲಗುವ ಮುನ್ನವೇ ನಿರ್ವಹಿಸಿ.

ಪ್ರತಿ ನಮಾಝ್ ನಂತರ ಕುರ್‌ಆನ್‌ನ ಒಂದೇ ಪುಟ ಓದಿ. 604 ಪುಟಗಳ ಮುದ್ರಣವಾದರೆ ನಾಲ್ಕು ತಿಂಗಳಲ್ಲಿ ಖತಮ್ (ಪೂರ್ಣ ಪಾರಾಯಣ) ಆಗುತ್ತದೆ.

ರಮಝಾನ್ ನಂತರದ ಶವ್ವಾಲ್ ತಿಂಗಳ 6 ಉಪವಾಸಗಳನ್ನು ದಯವಿಟ್ಟು ಬಿಡಬೇಡಿ. ರಮಝಾನ್‌ನ ಬೆನ್ನಿಗೆ ಇವನ್ನೂ ಆಚರಿಸಿದವರು ವರ್ಷವಿಡೀ ಉಪವಾಸವಿದ್ದಂತೆ ಎಂದು ಪ್ರವಾದಿ(ಸ) ಹೇಳಿದ್ದಾರೆ. ಈದ್ ದಿನ ಉಪವಾಸ ನಿಷಿದ್ಧ, ಮರುದಿನದಿಂದ ಹಿಡಿಯಬಹುದು. ಸತತವಾಗಿರಬೇಕೆಂದಿಲ್ಲ; ಸೋಮವಾರ, ಗುರುವಾರ ಹಿಡಿದರೆ ಮೂರೇ ವಾರ. ಕಝಾ (ರಮಝಾನ್‌ನಲ್ಲಿ ತಪ್ಪಿದ ಉಪವಾಸ) ಬಾಕಿಯಿದ್ದರೆ ಮೊದಲು ಅದನ್ನು ತೀರಿಸುವುದು ಉತ್ತಮ. ಸದಕಾದ (ದಾನದ) ಹಣವನ್ನು ಸಂಬಳ ಬಂದ ದಿನವೇ ಬೇರೆ ತೆಗೆದಿಡಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಏನೂ ಉಳಿಯದು.