ಓದುಗರ ಪ್ರಶ್ನೆ: ಬೀದಿಯವರೇ ಸೇರಿ ಹಳೆ ಹೋಟೆಲ್ ಕೊಳ್ಳುವುದಾದರೆ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳಲ್ಲಿ ಮುಚ್ಚಲಿದ್ದ ಪಬ್ಬನ್ನು ಊರವರೇ ಕೊಂಡು ನಡೆಸುತ್ತಾರಂತೆ. ನಮ್ಮ ಬೀದಿಯ ಹಳೆ ತಿಂಡಿ ಹೋಟೆಲ್ ಮಾರಾಟಕ್ಕಿದೆ. ನಲವತ್ತು ಮನೆಯವರು ಸೇರಿ ಕೊಳ್ಳಬಹುದೆ?
– ಬಸವನಗುಡಿಯ ಓದುಗರು

ಉತ್ತರ: ಕೊಳ್ಳಬಹುದು. ಆದರೆ ಅಲ್ಲಿಯವರಿಗೆ ಸಿಕ್ಕ ಕಾಲಾವಕಾಶ ನಿಮಗಿಲ್ಲ. ಅಲ್ಲಿ 2011ರ ಲೋಕಲಿಸಂ ಕಾಯ್ದೆಯಡಿ ಪಬ್ಬನ್ನು ಊರಿನ ಆಸ್ತಿಯೆಂದು ಪಟ್ಟಿಗೆ ಸೇರಿಸಿದರೆ, ಊರವರು ಆಸಕ್ತಿ ತೋರಿದಾಗ ಮಾರಾಟ 6 ತಿಂಗಳು ತಡೆಯುತ್ತದೆ. ಹಾಗಂತ ಮಾಲೀಕ ಊರವರಿಗೇ ಮಾರಬೇಕೆಂದಿಲ್ಲ. ಇಲ್ಲಿ ಆ ತಡೆಯೂ ಇಲ್ಲ. ಮುಂಗಡ ಕೊಟ್ಟು ಕ್ರಯದ ಕರಾರು ನೋಂದಾಯಿಸಿಕೊಂಡರಷ್ಟೇ ಸಮಯ ಸಿಗುತ್ತದೆ.

ಹಣ ಎತ್ತುವ ಮೊದಲು ಸಂಸ್ಥೆ ನೋಂದಾಯಿಸಿ. ನಂಬಿಕಸ್ಥರೊಬ್ಬರ ಹೆಸರಿಗೆ ಕ್ರಯಪತ್ರ ಮಾಡಿಸಿದರೆ ನಾಳೆ ಅವರ ಮಕ್ಕಳು ಪಾಲು ಕೇಳುತ್ತಾರೆ. ಸಹಕಾರ ಸಂಘದಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಕಂಪನಿಯಲ್ಲಿ ಸಾಮಾನ್ಯವಾಗಿ ಷೇರಿದ್ದಷ್ಟು ಮತ, ಅಂದರೆ ದುಡ್ಡಿದ್ದವರ ಕೈ ಮೇಲು. ನಮ್ಮ ಮತ ಸಂಘಕ್ಕೆ.

ಋಣಭಾರ ಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಿ. ಅದರಲ್ಲಿ ನೋಂದಾಯಿತ ವ್ಯವಹಾರಗಳಷ್ಟೇ ಕಾಣುತ್ತವೆ. ಪಕ್ಕದ ಕೋಣೆಯಲ್ಲಿ ಬಾಯಿಮಾತಿನ ಬಾಡಿಗೆಗೆ ಕೂತ ಬೀಡಾ ಅಂಗಡಿಯವರು ಕಾಣುವುದಿಲ್ಲ, ಅವರನ್ನು ಹೋಗಿಯೇ ಮಾತಾಡಿಸಬೇಕು.

ಪ್ರಶ್ನೆ: ಕಟ್ಟಡಕ್ಕೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಹಳೆ ಮಾದರಿ. ಸೋರುತ್ತದೆ. ಮೇಲೊಂದು ಸಿಮೆಂಟ್ ಕಾಂಕ್ರೀಟ್ ಹಾಕಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ಸಾಕೆ?

ಉತ್ತರ: ಬೇಡವೇ ಬೇಡ. ಇಂಥ ತಾರಸಿಗಳು ಕುಸಿಯಲು ಆ ಸಲಹೆಯೂ ಒಂದು ಕಾರಣ. ಸೋರಿದಾಗಲೆಲ್ಲ ಒಂದೊಂದು ಪದರ ಏರಿಸಿ, ಭಾರವೆಲ್ಲ ಕೆಳಗಿನ ಮರದ ತೊಲೆಗಳ ಮೇಲೆ ಬಿದ್ದಿರುತ್ತದೆ. ತೊಲೆ ಮೊದಲು ಕೊಳೆಯುವುದು ಗಾಳಿಯಾಡದ ತುದಿಯಲ್ಲಿ, ಗೋಡೆಯೊಳಗೆ ಹೊಕ್ಕ ಗೇಣುದ್ದದಲ್ಲಿ. ನಡುಭಾಗ ನೋಡಿ ಮೋಸಹೋಗಬೇಡಿ. ಗೋಡೆ ಸೇರುವೆಡೆ ಸ್ಕ್ರೂಡ್ರೈವರ್ ಒತ್ತಿ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ತುದಿ ಹೋಗಿದೆ. ಕರಾರಿಗೆ ಮೊದಲೇ ಒಂದೊಂದು ತೊಲೆಯನ್ನೂ ಹೀಗೆ ಪರೀಕ್ಷಿಸಿ, ಕೆಟ್ಟವನ್ನು ಎಣಿಸಿ ಬೆಲೆ ಇಳಿಸಿ.

ದುರಸ್ತಿಗೆ ಮೊದಲು ಕೆಳಗಿನಿಂದ ಆನಿಕೆ ಕೊಡಿ. ಆಮೇಲೆ ಮೇಲಿನ ಪದರಗಳನ್ನು ಕೈಯಲ್ಲೇ ಕೀಳಿಸಿ, ಡ್ರಿಲ್ ಯಂತ್ರದ ಅದುರಿಗೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆಗಳು ಸಡಿಲವಾಗುತ್ತವೆ. ಕೊಳೆತ ತುದಿ ಕತ್ತರಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿಯಿಟ್ಟು ಬೋಲ್ಟ್ ಹಾಕಿ ಹೊಸ ತೇಗ ಕೂಡಿಸಬಹುದು. ಪಟ್ಟಿಯ ಅಳತೆ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಲಿ. ತುದಿಯ ಸುತ್ತ ಅರ್ಧ ಅಂಗುಲ ಸಂದು ಬಿಡಿ, ಗಾರೆ ತುಂಬಬೇಡಿ.

ಮೇಲಿನ ಪದರಕ್ಕೆ 1 ಪಾಲು ಸುಣ್ಣಕ್ಕೆ 2 ಪಾಲು ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿದ ಗಾರೆ, 25 ಮಿ.ಮೀ. ಮೀರದ ಇಟ್ಟಿಗೆ ಜಲ್ಲಿ. ಪ್ರತಿ 60 ಅಡಿಗೆ ಕನಿಷ್ಠ 1 ಅಡಿ ಇಳಿಜಾರಿರಲಿ. ಹಾಸಿದ ಪದರವನ್ನು ಮರದ ಬಡಿಗೆ ಪುಟಿಯುವವರೆಗೆ ಬಡಿಯಿಸಬೇಕು, ಹತ್ತು ದಿನ ಒದ್ದೆಯಾಗಿಡಬೇಕು. ಬಡಿಯುವ ಕೂಲಿ ಉಳಿಸಲು ಹೋದವರ ತಾರಸಿ ಮುಂದಿನ ಮಳೆಗೇ ಸೋರುತ್ತದೆ. ಕೆಲಸ ಜನವರಿಯಲ್ಲೇ ಶುರುಮಾಡಿ, ಏಪ್ರಿಲ್ ಮಳೆ ಹೇಳಿಕೇಳಿ ಬರುವುದಿಲ್ಲ.